ಲೋರಾ ಗೇಟ್‌ವೇ ಜರ್ಮನಿಗೂ ಅಮೆರಿಕಕ್ಕೂ ಕಳಿಸಬೇಕು: ಮಾಡ್ಯೂಲ್‌ಗೆ ಸಿಇ, ಎಫ್‌ಸಿಸಿ ಇದ್ದರೆ ಸಾಕಾ?

ತುಮಕೂರು_ಹನಿ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಒಂದು ಸಣ್ಣ ಕಂಪನಿ, ಹನಿ ನೀರಾವರಿಗೆ ಕಂಟ್ರೋಲರ್ ಮಾಡುತ್ತೇವೆ. ತೋಟದಲ್ಲಿ ಮಣ್ಣಿನ ತೇವ ಅಳೆಯುವ ನೋಡ್‌ಗಳು, ವಾಲ್ವ್ ತೆರೆದು ಮುಚ್ಚುವ ನೋಡ್‌ಗಳು, ಪಂಪ್‌ಮನೆಯಲ್ಲಿ ಇವನ್ನು ಇಂಟರ್ನೆಟ್‌ಗೆ ಸೇರಿಸುವ ಒಂದು ಗೇಟ್‌ವೇ. ನೋಡ್‌ಗೂ ಗೇಟ್‌ವೇಗೂ ನಡುವೆ ಲೋರಾ (ಕಡಿಮೆ ಪವರ್‌ನಲ್ಲಿ ದೂರ ಹೋಗುವ ರೇಡಿಯೋ), ಗೇಟ್‌ವೇಯಿಂದ ಆಚೆಗೆ ವೈಫೈ ಅಥವಾ 4ಜಿ. ಅಡಿಕೆ, ತೆಂಗು, ದಾಳಿಂಬೆ ತೋಟಗಳಲ್ಲಿ ಚೆನ್ನಾಗಿ ಓಡುತ್ತಿದೆ.

ಈಗ ಜರ್ಮನಿಯಿಂದ ಗ್ರೀನ್‌ಹೌಸ್ ಸಾಮಾನು ಮಾರುವವರೊಬ್ಬರು ಕೇಳುತ್ತಿದ್ದಾರೆ, ಕ್ಯಾಲಿಫೋರ್ನಿಯಾದಿಂದ ಬಾದಾಮಿ ತೋಟಗಳಿಗೆ ಸಪ್ಲೈ ಮಾಡುವ ಡಿಸ್ಟ್ರಿಬ್ಯೂಟರ್ ಒಬ್ಬರೂ ಕೇಳುತ್ತಿದ್ದಾರೆ. ಇಬ್ಬರೂ ಬೆಲೆಗಿಂತ ಮೊದಲು ಕೇಳಿದ್ದು ಸರ್ಟಿಫಿಕೇಟ್.

ಬೋರ್ಡ್ ಹೀಗಿದೆ. ವೈಫೈಗೆ ಇಎಸ್‌ಪಿ32 ಮಾಡ್ಯೂಲ್ (ರೇಡಿಯೋ ಪೂರ್ತಿ ಜೋಡಿಸಿ ಬರುವ ಭಾಗ). 4ಜಿಗೂ ರೆಡಿ ಮಾಡ್ಯೂಲ್. ಎರಡರ ಡೇಟಾಶೀಟ್‌ನಲ್ಲೂ ಸಿಇ (ಯುರೋಪಿನ ಗುರುತು), ಎಫ್‌ಸಿಸಿ (ಅಮೆರಿಕದ ರೇಡಿಯೋ ಆಯೋಗದ ಒಪ್ಪಿಗೆ) ಇದೆ ಎಂದು ಬರೆದಿದೆ. ಲೋರಾಗೆ ಮಾತ್ರ ಎಸ್‌ಎಕ್ಸ್1262 ಚಿಪ್ಪನ್ನೇ ಬೋರ್ಡ್ ಮೇಲೆ ಹಾಕಿದ್ದೇವೆ, ಆಂಟೆನಾ ಮ್ಯಾಚಿಂಗ್ ನಮ್ಮದೇ. ಲೋರಾವ್ಯಾನ್ (ಲೋರಾದ ಸಿದ್ಧ ಪ್ರೋಟೋಕಾಲ್) ಅಲ್ಲ, ನಾವೇ ಬರೆದ ಸರಳ ಪ್ರೋಟೋಕಾಲ್. 866 ಮೆಗಾಹರ್ಟ್ಸ್, ಒಂದೇ ಚಾನೆಲ್, 125 ಕಿಲೋಹರ್ಟ್ಸ್ ಅಗಲ, ಎಸ್‌ಎಫ್ 12 (ನಿಧಾನವಾಗಿ, ಹೆಚ್ಚು ದೂರ ಕಳಿಸುವ ಸೆಟ್ಟಿಂಗ್), ಪವರ್ 22 ಡಿಬಿಎಂ. ಇಲ್ಲಿ ಕೇಂದ್ರ ಸರ್ಕಾರದ ರೇಡಿಯೋ ವಿಭಾಗವಾದ ಡಬ್ಲ್ಯುಪಿಸಿಯಿಂದ ಇಟಿಎ ಎನ್ನುವ ಒಪ್ಪಿಗೆ ತೆಗೆದುಕೊಂಡಿದ್ದೇವೆ.

ಮಾಡ್ಯೂಲ್‌ಗೆ ಸರ್ಟಿಫಿಕೇಟ್ ಇದ್ದ ಮೇಲೆ ನಮ್ಮ ಗೇಟ್‌ವೇಗೆ ಮತ್ತೆ ಬೇಕಾ? ನಮ್ಮ ಇಟಿಎ ಅಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದಾ? ಲ್ಯಾಬ್‌ಗೆ ಹೋಗುವ ಮೊದಲು ಬೋರ್ಡ್‌ನಲ್ಲಿ ಏನಾದರೂ ಬದಲಿಸಬೇಕಾ? ಒಬ್ಬ ಏಜೆಂಟ್ "ಎಲ್ಲಾ ಸೇರಿಸಿ ಒಂದು ವಾರದಲ್ಲಿ ಸಿಇ ಸರ್ಟಿಫಿಕೇಟ್ ಕೊಡಿಸುತ್ತೇನೆ" ಎಂದಿದ್ದಾರೆ, ಸ್ಯಾಂಪಲ್ ಕೂಡ ಕೇಳಲಿಲ್ಲ. ಅದೇ ಸ್ವಲ್ಪ ಅನುಮಾನ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಪೀಣ್ಯ_ಪಿಸಿಬಿ

ಮಾಡ್ಯೂಲ್ ಸರ್ಟಿಫೈಡ್ ಆಗಿದ್ದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಸರ್. ಡಬ್ಬಿ ಮೇಲೆ "ಕಂಟೇನ್ಸ್ ಎಫ್‌ಸಿಸಿ ಐಡಿ" ಅಂತ ಹಾಕಿ, ಮಾಡ್ಯೂಲ್‌ನ ನಂಬರ್ ಬರೆಯಿರಿ. ಸಿಇಗೆ ಮಾಡ್ಯೂಲ್ ಕಂಪನಿಯ ರಿಪೋರ್ಟ್ ಇಟ್ಟುಕೊಳ್ಳಿ. ಲೋರಾಗೂ ಸರ್ಟಿಫೈಡ್ ಮಾಡ್ಯೂಲ್ ಹಾಕಿಬಿಟ್ಟರೆ ಆಯಿತು.

ಚೇಂಬರ್_ವಾಸಿ

ಹನಿ ಸರ್, ನಾನು ಬೆಂಗಳೂರಿನಲ್ಲಿ ಇಎಂಸಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ಹಿಡಿದುಕೊಂಡು ಬರುವವರು ತುಂಬಾ ಜನ, ಹೆಚ್ಚಿನವರು ಬೋರ್ಡ್ ಪೂರ್ತಿ ಮುಗಿದ ಮೇಲೆ ಬರುತ್ತಾರೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಲೆ ಪೀಣ್ಯ ಸರ್ ಹೇಳಿದ್ದು ಅಮೆರಿಕಕ್ಕೆ ಅರ್ಧ ಅನ್ವಯಿಸುತ್ತದೆ, ಯುರೋಪಿಗೆ ಅನ್ವಯಿಸುವುದಿಲ್ಲ. ಮಾಡ್ಯೂಲ್‌ಗೆ ಒಪ್ಪಿಗೆ ಕೊಡುವ ಪದ್ಧತಿ ಇರುವುದು ಎಫ್‌ಸಿಸಿಯಲ್ಲಿ. ಯುರೋಪಿನ ರೇಡಿಯೋ ಉಪಕರಣ ಕಾಯಿದೆಯಲ್ಲಿ, ಅಂದರೆ ಎಲ್ಲರೂ ರೆಡ್ ಎನ್ನುವ 2014/53/ಇಯು ನಿರ್ದೇಶನದಲ್ಲಿ, ಆ ತರಹದ್ದು ಇಲ್ಲ. ಅಲ್ಲಿ ಡಬ್ಬಿ ಮೇಲೆ ಯಾರ ಹೆಸರಿದೆಯೋ ಅವರೇ ತಯಾರಕರು, ಇಡೀ ಉಪಕರಣಕ್ಕೆ ಅವರೇ ಜವಾಬ್ದಾರರು. ಒಳಗೆ ಯಾವ ಮಾಡ್ಯೂಲ್ ಇದೆ ಎನ್ನುವುದು ನಿಮ್ಮ ತಾಂತ್ರಿಕ ದಾಖಲೆಗಳ ಫೈಲಿನ ವಿಷಯ. ಮಾಡ್ಯೂಲ್ ಕಂಪನಿಯ ರಿಪೋರ್ಟನ್ನು ನಿಮ್ಮ ಫೈಲಿಗೆ ಸೇರಿಸಬಹುದು. ಕೇಬಲ್ ಹಾಕಿ ಅಳೆಯುವ ಪವರ್, ಚಾನೆಲ್ ಅಗಲ ಇಂಥವನ್ನು ಮತ್ತೆ ಅಳೆಯದೆ ಉಳಿಸಬಹುದು. ಆದರೆ ಆ ಮಾಡ್ಯೂಲ್ ನಿಮ್ಮ ಬೋರ್ಡ್ ಮೇಲೆ, ನಿಮ್ಮ ಪವರ್ ಸಪ್ಲೈ ಜೊತೆ, ನಿಮ್ಮ ಆಂಟೆನಾ ಹಾಕಿ, ನಿಮ್ಮ ಡಬ್ಬಿಯಲ್ಲಿ ಕೂತಾಗ ಗಾಳಿಗೆ ಏನು ಸೂಸುತ್ತದೆ ಎನ್ನುವುದನ್ನು ಅಳೆಯಲೇಬೇಕು. ಸ್ಥಿರ ವಿದ್ಯುತ್ ತಗುಲಿದಾಗ ಗೇಟ್‌ವೇ ಹ್ಯಾಂಗ್ ಆಗುತ್ತದಾ ಎನ್ನುವುದನ್ನು ಮಾಡ್ಯೂಲ್ ಕಂಪನಿ ಹೇಗೆ ಹೇಳಲು ಸಾಧ್ಯ? ಅದು ನಿಮ್ಮ ಬೋರ್ಡಿನ ಗುಣ.

ಯುರೋಪಿನಲ್ಲಿ ನೋಡುವುದು ಇಷ್ಟು. ಜನರ ಸುರಕ್ಷತೆ ಮತ್ತು ಆರೋಗ್ಯ. ಇಎಂಸಿ, ಅಂದರೆ ಬೇರೆಯವರಿಗೆ ತೊಂದರೆ ಕೊಡಬಾರದು, ಬೇರೆಯವರ ಗದ್ದಲವನ್ನು ತಾಳಿಕೊಳ್ಳಬೇಕು. ಆಮೇಲೆ ತರಂಗಾಂತರದ ಸರಿಯಾದ ಬಳಕೆ. ಇವಕ್ಕೆ ಒಪ್ಪಿಕೊಂಡ ಮಾನದಂಡಗಳಿವೆ: 2.4 ಗಿಗಾಹರ್ಟ್ಸ್ ವೈಫೈಗೆ ಇಎನ್ 300 328, ನಿಮ್ಮ ಲೋರಾಗೆ ಇಎನ್ 300 220, ಇಎಂಸಿಗೆ ಇಎನ್ 301 489 ಸರಣಿ, ಸುರಕ್ಷತೆಗೆ ಇಎನ್ 62368-1. ಯುರೋಪಿನ ಅಧಿಕೃತ ಗೆಜೆಟ್‌ನಲ್ಲಿ ಹೆಸರಿಸಿದ ಆವೃತ್ತಿಯನ್ನು ಪೂರ್ತಿ ಪಾಲಿಸಿದ್ದರೆ ನೀವೇ ಟೆಸ್ಟ್ ಮಾಡಿಸಿ, ಫೈಲ್ ಕಟ್ಟಿ, ನಿಯಮ ಪಾಲಿಸಿದ್ದೇವೆ ಎನ್ನುವ ಡಿಕ್ಲರೇಶನ್ ಮೇಲೆ ಸಹಿ ಹಾಕಿ, ಸಿಇ ಗುರುತು ಹಾಕಬಹುದು. ಯಾವ ಸರ್ಕಾರಿ ಆಫೀಸಿಗೂ ಅರ್ಜಿ ಹಾಕುವುದಿಲ್ಲ, ಯಾರೂ ನಿಮಗೆ ಸರ್ಟಿಫಿಕೇಟ್ ಕೊಡುವುದೂ ಇಲ್ಲ. ಮಾನದಂಡ ಪೂರ್ತಿ ಅನ್ವಯಿಸಲು ಆಗದಿದ್ದರೆ ಮಾತ್ರ ಯುರೋಪಿನಲ್ಲಿ ಅಧಿಕಾರ ಪಡೆದ ತಪಾಸಣಾ ಸಂಸ್ಥೆಯಾದ ನೋಟಿಫೈಡ್ ಬಾಡಿ ಹತ್ತಿರ ಹೋಗಬೇಕು. ಫೈಲನ್ನು 10 ವರ್ಷ ಇಟ್ಟುಕೊಳ್ಳಬೇಕು, ಕೇಳಿದಾಗ ಕೊಡಬೇಕು.

ಈಗ ನಿಮ್ಮ ಏಜೆಂಟ್ ವಿಷಯ. ಸ್ಯಾಂಪಲ್ ನೋಡದೆ ಕೊಡುವ "ಸಿಇ ಸರ್ಟಿಫಿಕೇಟ್" ಒಂದು ಅಲಂಕಾರದ ಕಾಗದ, ಅಷ್ಟೇ. ದುಡ್ಡು ಕೊಡಬೇಡಿ. ಯಾರಾದರೂ ತಾವು ನೋಟಿಫೈಡ್ ಬಾಡಿ ಎಂದು ಹೇಳಿಕೊಂಡರೆ ಯುರೋಪ್ ಆಯೋಗದ ನ್ಯಾಂಡೋ ಪಟ್ಟಿಯಲ್ಲಿ ನೋಡಿ. ಅವರಿಗೆ ನಾಲ್ಕು ಅಂಕಿಯ ನಂಬರ್ ಇರುತ್ತದೆ, ಯಾವ ಕಾಯಿದೆಗೆ ಅವರಿಗೆ ಅಧಿಕಾರವಿದೆ ಎಂದೂ ಅಲ್ಲೇ ಬರೆದಿರುತ್ತದೆ. ಆಟಿಕೆಗೆ ಅಧಿಕಾರ ಪಡೆದ ಸಂಸ್ಥೆ ರೇಡಿಯೋಗೆ ಸಹಿ ಹಾಕುವಂತಿಲ್ಲ. ನಾಳೆ ಜರ್ಮನಿಯಲ್ಲಿ ಯಾರಾದರೂ ಫೈಲ್ ಕೇಳಿದರೆ ಆ ಏಜೆಂಟ್ ಇರುವುದಿಲ್ಲ, ನೀವು ಇರುತ್ತೀರಿ.

ಲ್ಯಾಬ್ ಯುರೋಪಿನಲ್ಲೇ ಇರಬೇಕು ಎಂದೇನಿಲ್ಲ. ನೀವೇ ಡಿಕ್ಲರೇಶನ್ ಮಾಡುವ ದಾರಿಯಲ್ಲಿ ಆ ಮಾನದಂಡಗಳಿಗೆ ಭಾರತದ ಲ್ಯಾಬ್ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ ರಿಪೋರ್ಟ್ ನಡೆಯುತ್ತದೆ, ಬೆಂಗಳೂರಿನಲ್ಲೇ ಆಗುತ್ತದೆ. ಒಂದೇ ಎಚ್ಚರ: ಮಾನ್ಯತೆ ಪತ್ರದ ಜೊತೆ ಇರುವ ಸ್ಕೋಪ್ ಓದಿ. ಲ್ಯಾಬ್‌ಗೆ ಮಾನ್ಯತೆ ಇದೆ ಎಂದರೆ ಎಲ್ಲಾ ಟೆಸ್ಟಿಗೂ ಇದೆ ಎಂದಲ್ಲ. ಅಮೆರಿಕಕ್ಕೆ ಇಷ್ಟು ಸಡಿಲ ಇಲ್ಲ. ಎಫ್‌ಸಿಸಿ ಸರ್ಟಿಫಿಕೇಶನ್‌ಗೆ ಹೋಗುವ ರಿಪೋರ್ಟ್ ಎಫ್‌ಸಿಸಿ ಗುರುತಿಸಿದ ಲ್ಯಾಬ್‌ನದ್ದೇ ಆಗಿರಬೇಕು, ಆ ಪಟ್ಟಿ ಅವರ ವೆಬ್‌ಸೈಟ್‌ನಲ್ಲಿದೆ.

ಇಟಿಎ ಬಗ್ಗೆ ಕೇಳಿದಿರಿ. ಅದು ಭಾರತದೊಳಗಿನ ಒಪ್ಪಿಗೆ, ಹೊರಗೆ ಲೆಕ್ಕಕ್ಕಿಲ್ಲ. ಅದಕ್ಕೆ ಮಾಡಿಸಿದ ಟೆಸ್ಟ್ ರಿಪೋರ್ಟ್ ಇಎನ್ 300 220 ಪ್ರಕಾರ ಇದ್ದರೆ ಲ್ಯಾಬ್‌ನವರಿಗೆ ತೋರಿಸಿ, ಬೋರ್ಡ್ ಹೇಗೆ ನಡೆದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಾಗುತ್ತದೆ.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ: ನಿಮ್ಮ ಲೋರಾ.

ಇಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ 1 ವಾಟ್‌ವರೆಗೆ ಟ್ರಾನ್ಸ್‌ಮಿಟ್ ಮಾಡಲು ಬಿಟ್ಟಿದ್ದಾರೆ. ಆ ಧಾರಾಳ ಯುರೋಪಿನಲ್ಲಿಲ್ಲ. 866ರಲ್ಲಿ ಅಲ್ಲೂ ಓಡಿಸಬಹುದು, ತರಂಗಾಂತರ ಬದಲಿಸಬೇಕಿಲ್ಲ. ಆದರೆ ಪವರ್ 25 ಮಿಲಿವಾಟ್ ಇಆರ್‌ಪಿ (ಆಂಟೆನಾ ಸೇರಿಸಿ ಹೊರಬೀಳುವ ಪವರ್), ಅಂದರೆ 14 ಡಿಬಿಎಂ. ಮೇಲಿಂದ 1 ಶೇಕಡಾ ಡ್ಯೂಟಿ ಸೈಕಲ್, ಅಂದರೆ ಒಂದು ಗಂಟೆಯಲ್ಲಿ 36 ಸೆಕೆಂಡ್ ಮಾತ್ರ ಗಾಳಿಯಲ್ಲಿರಬಹುದು. ಎಸ್‌ಎಫ್ 12ರಲ್ಲಿ 125 ಕಿಲೋಹರ್ಟ್ಸ್‌ಗೆ ಸಣ್ಣ ಪ್ಯಾಕೆಟ್ಟೂ ಒಂದು ಸೆಕೆಂಡ್ ದಾಟುತ್ತದೆ. ನೋಡ್‌ಗೆ ಇದು ಸಾಕು, ಮಣ್ಣಿನ ತೇವ ಗಂಟೆಗೆ ನಾಲ್ಕು ಸಲ ಹೇಳಿದರೆ ಆಯಿತು. ಗೇಟ್‌ವೇ ಲೆಕ್ಕ ಹಾಕಿ. ಪ್ರತಿ ನೋಡ್‌ಗೂ ಅದು ಉತ್ತರ ಕಳಿಸುತ್ತಿದ್ದರೆ, ನೋಡ್‌ಗಳು ಹೆಚ್ಚಾದಂತೆ ಗೇಟ್‌ವೇಯ 36 ಸೆಕೆಂಡ್ ಬೇಗ ಮುಗಿಯುತ್ತದೆ. ಈ ಮಿತಿಯನ್ನು ಫರ್ಮ್‌ವೇರ್ ಪಾಲಿಸಬೇಕು, ಕೈಪಿಡಿಯಲ್ಲಿ ಬರೆದರೆ ಸಾಲದು. 22ರಿಂದ 14ಕ್ಕೆ ಇಳಿದರೆ ದೂರವೂ ಕಡಿಮೆಯಾಗುತ್ತದೆ. ಜರ್ಮನಿಯವರಿಗೆ ತುಮಕೂರಿನಲ್ಲಿ ಅಳೆದ ಕಿಲೋಮೀಟರ್ ಹೇಳಬೇಡಿ, 14ಕ್ಕೆ ಇಳಿಸಿ ಮತ್ತೆ ಅಳೆದು ಹೇಳಿ.

ಅಮೆರಿಕದಲ್ಲಿ 866 ನಡೆಯುವುದೇ ಇಲ್ಲ. ಅಲ್ಲಿ 902ರಿಂದ 928. ಹಾಗಾಗಿ ಮ್ಯಾಚಿಂಗ್, ಫಿಲ್ಟರ್, ಆಂಟೆನಾ ಎಲ್ಲಾ ಬೇರೆ. ಒಂದೇ ಬೋರ್ಡಿನಲ್ಲಿ ಎರಡು ಬಗೆಯ ಬಿಡಿಭಾಗ ಜೋಡಿಸುವ ಹಾಗೆ ಲೇಔಟ್ ಮಾಡಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಒಂದೇ ಚಾನೆಲ್, 125 ಕಿಲೋಹರ್ಟ್ಸ್ ಪದ್ಧತಿ ಅಲ್ಲಿನ ನಿಯಮಕ್ಕೆ ಕೂರುವುದಿಲ್ಲ. ಎಫ್‌ಸಿಸಿ ನಿಯಮಗಳ ಪಾರ್ಟ್ 15ರ 15.247 ಮುಖ್ಯವಾಗಿ ಎರಡು ದಾರಿ ಕೊಡುತ್ತದೆ. ಒಂದು, ಅಗಲವಾದ ಡಿಜಿಟಲ್ ಮಾಡ್ಯುಲೇಶನ್: 6 ಡಿಬಿ ಅಗಲ ಕನಿಷ್ಠ 500 ಕಿಲೋಹರ್ಟ್ಸ್ ಇರಬೇಕು. ಇನ್ನೊಂದು, ಫ್ರೀಕ್ವೆನ್ಸಿ ಹಾಪಿಂಗ್: ನಿಮ್ಮಷ್ಟು ಕಿರಿದಾದ ಚಾನೆಲ್ ಆದರೆ ಕನಿಷ್ಠ 50 ಚಾನೆಲ್‌ಗಳ ನಡುವೆ ಜಿಗಿಯಬೇಕು, 20 ಸೆಕೆಂಡಿನಲ್ಲಿ ಒಂದು ಚಾನೆಲ್ ಮೇಲೆ 0.4 ಸೆಕೆಂಡ್‌ಗಿಂತ ಜಾಸ್ತಿ ಇರಬಾರದು. ನಿಮ್ಮ ಎಸ್‌ಎಫ್ 12 ಪ್ಯಾಕೆಟ್ ಒಂದೇ ಆ 0.4 ಸೆಕೆಂಡನ್ನು ದಾಟಿಬಿಡುತ್ತದೆ. ಇವೆರಡೂ ಬೇಡ ಎಂದರೆ 15.249 ಇದೆ, ಆದರೆ ಅದರಲ್ಲಿ ಸಿಗುವ ಪವರ್ 1 ಮಿಲಿವಾಟ್‌ಗಿಂತಲೂ ಕಡಿಮೆ. ಬಾದಾಮಿ ತೋಟಕ್ಕೆ ಏನೂ ಸಾಲದು.

ನನ್ನ ಸಲಹೆ: ಅಮೆರಿಕದ ಆವೃತ್ತಿಯಲ್ಲಿ 500 ಕಿಲೋಹರ್ಟ್ಸ್ ಅಗಲ ಇಟ್ಟುಕೊಳ್ಳಿ. ಆಗ ಹಾಪಿಂಗ್ ಬರೆಯಬೇಕಿಲ್ಲ, ನಿಮ್ಮ ಸರಳ ಪ್ರೋಟೋಕಾಲ್ ಹಾಗೇ ಉಳಿಯುತ್ತದೆ. ಅಗಲ ನಾಲ್ಕು ಪಟ್ಟಾದ್ದರಿಂದ ರಿಸೀವರ್‌ನ ಸೂಕ್ಷ್ಮತೆ 6 ಡಿಬಿ ಕಡಿಮೆಯಾಗುತ್ತದೆ, ಪ್ಯಾಕೆಟ್ಟಿನ ಸಮಯವೂ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲಿ 1 ವಾಟ್‌ವರೆಗೆ ಅವಕಾಶ ಇರುವುದರಿಂದ ನಿಮ್ಮ 22 ಡಿಬಿಎಂ ಪೂರ್ತಿ ಬಳಸಬಹುದು. ಹಾರ್ಮೋನಿಕ್, ಅಂದರೆ ಮೂಲ ತರಂಗಾಂತರದ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಸೂಸುವ ಬೇಡದ ತರಂಗಗಳನ್ನು ಮಾತ್ರ ನೋಡಿಕೊಳ್ಳಿ. 915ರ ಮೂರನೇ ಹಾರ್ಮೋನಿಕ್ 2745 ಮೆಗಾಹರ್ಟ್ಸ್, ಅದು ನಿರ್ಬಂಧಿತ ಪಟ್ಟಿಯ ಒಳಗೆ ಬೀಳುತ್ತದೆ, ಅಲ್ಲಿನ ಮಿತಿ ತುಂಬಾ ಬಿಗಿ. ಔಟ್‌ಪುಟ್ ಫಿಲ್ಟರಿಗೆ ಇನ್ನೊಂದು ಹಂತಕ್ಕೆ ಜಾಗ ಬಿಟ್ಟಿರಿ, ಬೇಡ ಅನ್ನಿಸಿದರೆ ಖಾಲಿ ಇರಲಿ.

ತುಮಕೂರು_ಹನಿ

ತುಂಬಾ ಥ್ಯಾಂಕ್ಸ್ ಸರ್. ಇಷ್ಟು ವಿವರ ಯಾರೂ ಹೇಳಿರಲಿಲ್ಲ. 500 ಕಿಲೋಹರ್ಟ್ಸ್ ವಿಷಯ ನಮ್ಮ ಹುಡುಗರಿಗೆ ಇವತ್ತೇ ಹೇಳಿದೆ. ಎಫ್‌ಸಿಸಿ ಕಡೆ ಇನ್ನೂ ಒಂದು ಗೊಂದಲ: ವೈಫೈಗೆ, 4ಜಿಗೆ ಮಾಡ್ಯೂಲ್‌ನ ಐಡಿ, ಲೋರಾಗೆ ನಮ್ಮ ಐಡಿ, ಹೀಗೆ ಮೂರೂ ಒಂದೇ ಸ್ಟಿಕ್ಕರ್ ಮೇಲೆ ಬರುತ್ತದಾ? ಜರ್ಮನಿಯವರು "ಇಂಪೋರ್ಟರ್ ನಾವಾಗುತ್ತೇವಾ, ನಿಮ್ಮದೇ ಪ್ರತಿನಿಧಿ ಇದ್ದಾರಾ" ಎಂದು ಕೇಳಿದ್ದಾರೆ. ಏನು ಹೇಳಬೇಕು ಎಂದು ತಿಳಿಯಲಿಲ್ಲ.

ಚೇಂಬರ್_ವಾಸಿ

ಹೌದು, ಮೂರೂ ಬರುತ್ತದೆ. ಲೋರಾ ಚಿಪ್ ನೇರವಾಗಿ ಹಾಕಿದ್ದರಿಂದ ಅದಕ್ಕೆ ನಿಮ್ಮದೇ ಎಫ್‌ಸಿಸಿ ಐಡಿ ಬೇಕು. ಮೊದಲು ಎಫ್‌ಸಿಸಿಯಲ್ಲಿ ನೋಂದಣಿ ನಂಬರ್, ಆಮೇಲೆ ಗ್ರಾಂಟೀ ಕೋಡ್ (ನಿಮ್ಮ ಕಂಪನಿಯ ಗುರುತು). ಆ ಕೋಡಿನ ಮುಂದೆ ನಿಮ್ಮ ಉತ್ಪನ್ನದ ಹೆಸರು ಸೇರಿಸಿದರೆ ಅದೇ ಐಡಿ. ಅರ್ಜಿ ನೋಡಿ ಗ್ರಾಂಟ್ (ಒಪ್ಪಿಗೆ ಪತ್ರ) ಕೊಡುವುದು ಟಿಸಿಬಿ ಎನ್ನುವ ಸಂಸ್ಥೆಗಳು. ಅರ್ಜಿಯ ಜೊತೆ ಅಮೆರಿಕದಲ್ಲಿ ನಿಮ್ಮ ಪರವಾಗಿ ಕಾನೂನು ನೋಟಿಸ್ ತೆಗೆದುಕೊಳ್ಳುವ ಏಜೆಂಟ್ ಒಬ್ಬರ ಹೆಸರು ಕೊಡಬೇಕು. 2023ರ ಫೆಬ್ರವರಿಯಿಂದ ಇದು ಎಲ್ಲರಿಗೂ ಕಡ್ಡಾಯ.

ಮಾಡ್ಯೂಲ್‌ನ ಐಡಿ ಬಳಸಲು ಷರತ್ತುಗಳಿವೆ, ಅದನ್ನೇ ಜನ ಓದುವುದಿಲ್ಲ. ಗ್ರಾಂಟ್ ಪತ್ರದಲ್ಲಿ ಯಾವ ಬಗೆಯ ಆಂಟೆನಾ, ಎಷ್ಟು ಗೇನ್ (ಸಿಗ್ನಲನ್ನು ಒಂದು ದಿಕ್ಕಿಗೆ ಕೂಡಿಸುವ ಶಕ್ತಿ) ಎಂದು ಇರುತ್ತದೆ. ಅದೇ ಬಗೆಯದ್ದು, ಅಷ್ಟೇ ಅಥವಾ ಕಡಿಮೆ ಗೇನ್ ಇರುವುದು ಹಾಕಿದರೆ ಸರಿ. ಪಿಸಿಬಿ ಆಂಟೆನಾ ಜೊತೆ ಒಪ್ಪಿಗೆ ಪಡೆದ ಮಾಡ್ಯೂಲ್‌ಗೆ ಹೊರಗಿನ ಕೋಲು ಆಂಟೆನಾ ಸಿಕ್ಕಿಸಿದರೆ ಆ ಐಡಿ ನಿಮಗೆ ನಡೆಯುವುದಿಲ್ಲ. ಇನ್ನೊಂದು, ನಿಮ್ಮ ಗೇಟ್‌ವೇಯಲ್ಲಿ ಲೋರಾ, ವೈಫೈ, 4ಜಿ ಒಟ್ಟಿಗೆ ಟ್ರಾನ್ಸ್‌ಮಿಟ್ ಮಾಡಬಹುದು. ಮೂರೂ ಒಂದೇ ಸಮಯಕ್ಕೆ ಕೆಲಸ ಮಾಡುವಾಗ ಏನಾಗುತ್ತದೆ ಎಂದು ಪ್ರತ್ಯೇಕವಾಗಿ ನೋಡಬೇಕು, ಮನುಷ್ಯರ ಮೇಲೆ ಬೀಳುವ ತರಂಗಗಳ ಲೆಕ್ಕವೂ ಮೂರನ್ನೂ ಕೂಡಿಸಿ. ಗೋಡೆಗೆ ಹಾಕುವ ಡಬ್ಬಿ, ಜನರಿಂದ 20 ಸೆಂಟಿಮೀಟರ್ ದೂರ ಇರುತ್ತದೆ ಎಂದು ಕೈಪಿಡಿಯಲ್ಲಿ ಹೇಳಿದರೆ ಈ ಲೆಕ್ಕ ಸುಲಭ.

ರೇಡಿಯೋ ಬಿಟ್ಟು ಉಳಿದ ಡಿಜಿಟಲ್ ಸರ್ಕ್ಯೂಟಿಗೆ ಪಾರ್ಟ್ 15 ಬಿ ಪ್ರಕಾರ ಸಪ್ಲೈಯರ್ ಡಿಕ್ಲರೇಶನ್ ಬೇಕು. ಅದಕ್ಕೆ ಸಹಿ ಹಾಕುವ ಜವಾಬ್ದಾರ ಅಮೆರಿಕದೊಳಗೇ ಇರಬೇಕು. ನಿಮ್ಮ ಡಿಸ್ಟ್ರಿಬ್ಯೂಟರ್ ಒಪ್ಪುತ್ತಾರಾ ಎಂದು ಈಗಲೇ ಕೇಳಿ.

ಮ್ಯೂನಿಕ್_ಮಲೆನಾಡು

ಜರ್ಮನಿ ಕಡೆಯದ್ದು ನಾನು ಹೇಳುತ್ತೇನೆ. ಇಲ್ಲಿ ಎಲೆಕ್ಟ್ರಾನಿಕ್ಸ್ ತರಿಸುವ ಕಂಪನಿಯಲ್ಲಿ ಕಂಪ್ಲೈಯನ್ಸ್ ನೋಡಿಕೊಳ್ಳುತ್ತೇನೆ, ಊರು ತೀರ್ಥಹಳ್ಳಿ.

ನಿಮ್ಮ ಗಿರಾಕಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. 2021ರ ಜುಲೈ 16ರಿಂದ, ಸಿಇ ಗುರುತಿನ ಇಂಥ ಉಪಕರಣಗಳಿಗೆ ಯುರೋಪಿನೊಳಗೆ ಜವಾಬ್ದಾರರೊಬ್ಬರು ಇರಲೇಬೇಕು. ಇಂಪೋರ್ಟರ್ ಇರಬಹುದು, ನೀವು ಬರಹದಲ್ಲಿ ನೇಮಿಸಿದ ಪ್ರತಿನಿಧಿ ಇರಬಹುದು. ಅವರು ನಿಮ್ಮಿಂದ ಮಾಲು ಕೊಂಡು ಇಲ್ಲಿ ಮಾರಿದರೆ ಅವರೇ ಇಂಪೋರ್ಟರ್. ಆಗ ಅವರ ಹೆಸರು, ವಿಳಾಸವೂ ಉಪಕರಣದ ಮೇಲೆ ಬರಬೇಕು, ಚಿಕ್ಕದಾಗಿದ್ದರೆ ಪೆಟ್ಟಿಗೆ ಮೇಲೆ. ನೀವು ಆನ್‌ಲೈನ್‌ನಲ್ಲಿ ನೇರವಾಗಿ ರೈತರಿಗೆ ಕಳಿಸುವುದಾದರೆ ಮಾತ್ರ ನಿಮಗೇ ಪ್ರತಿನಿಧಿ ಬೇಕು. ಇದನ್ನು ಫೋನಿನಲ್ಲಿ ಮಾತಾಡಿ ಬಿಡಬೇಡಿ, ಒಪ್ಪಂದದಲ್ಲಿ ಬರೆಸಿ.

ಕಾಗದದ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ಕಸ್ಟಮ್ಸ್‌ನಲ್ಲಿ ಮಾಲು ನಿಲ್ಲುವುದು ಲ್ಯಾಬ್ ರಿಪೋರ್ಟಿಗಿಂತ ಜಾಸ್ತಿ ಇಂಥ ಸಣ್ಣ ವಿಷಯಕ್ಕೆ: ಜರ್ಮನ್ ಭಾಷೆಯ ಕೈಪಿಡಿ ಇಲ್ಲ, ಇಂಪೋರ್ಟರ್ ವಿಳಾಸ ಇಲ್ಲ, ಸಿಇ ಅಕ್ಷರ ಓದಲು ಆಗದಷ್ಟು ಚಿಕ್ಕದು. ಕೈಪಿಡಿಯಲ್ಲಿ ಯಾವ ತರಂಗಾಂತರ ಪಟ್ಟಿ, ಗರಿಷ್ಠ ಪವರ್ ಎಷ್ಟು ಎನ್ನುವುದೂ ಇರಬೇಕು, ಇದು ಕಾಯಿದೆಯಲ್ಲೇ ಇದೆ. ಡಿಕ್ಲರೇಶನ್‌ನ ಪ್ರತಿ ಪೆಟ್ಟಿಗೆಯಲ್ಲಿ ಇಡಿ, ಇಲ್ಲದಿದ್ದರೆ ಅದರ ಚಿಕ್ಕ ರೂಪ ಬರೆದು ಪೂರ್ತಿ ಪ್ರತಿ ಸಿಗುವ ವೆಬ್ ವಿಳಾಸ ಕೊಡಿ. ಇಲ್ಲಿ ರೇಡಿಯೋ ಉಪಕರಣಗಳ ಮೇಲೆ ಕಣ್ಣಿಟ್ಟಿರುವುದು ಬುಂಡೆಸ್‌ನೆಟ್ಜ್‌ಅಗೆಂಟೂರ್ ಎನ್ನುವ ಸರ್ಕಾರಿ ಸಂಸ್ಥೆ. ಅವರು ಕಸ್ಟಮ್ಸ್ ಜೊತೆ ಸೇರಿ ಕೆಲಸ ಮಾಡುತ್ತಾರೆ, ಅಂಗಡಿಯಿಂದ ತಾವೇ ಕೊಂಡು ಅಳೆಯುತ್ತಾರೆ.

ಇ-ತ್ಯಾಜ್ಯದ ನೋಂದಣಿ ಬೇರೆ ಇದೆ. ಜರ್ಮನಿಯಲ್ಲಿ ಅದು ಸ್ಟಿಫ್ಟುಂಗ್ ಇಎಆರ್ ಎನ್ನುವ ಸಂಸ್ಥೆಯಲ್ಲಿ, ಪ್ಯಾಕಿಂಗ್ ಕಸಕ್ಕೆ ಲೂಸಿಡ್ ಎನ್ನುವ ರಿಜಿಸ್ಟರ್. ನೋಂದಣಿ ಇಲ್ಲದೆ ಮಾರುವಂತಿಲ್ಲ. ಸಾಮಾನ್ಯವಾಗಿ ಇಂಪೋರ್ಟರ್ ಮಾಡಿಸುತ್ತಾರೆ, ಆದರೆ ನಿಮ್ಮ ಬ್ರ್ಯಾಂಡ್ ಹೆಸರಿನಲ್ಲೇ ಆಗಿದೆಯಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ನೋಡ್‌ಗಳಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದಲ್ಲಿ ಕಳಿಸಲು ಯುಎನ್ 38.3 ಟೆಸ್ಟ್ ಸಾರಾಂಶ ಬೇಕು, ಬ್ಯಾಟರಿ ಮಾರಿದವರಿಂದ ಪಡೆಯಿರಿ.

ಈಗ ಹೊಸ ವಿಷಯ, ಇದನ್ನು ಮೇಲೆ ಯಾರೂ ಹೇಳಿಲ್ಲ. 2025ರ ಆಗಸ್ಟ್ 1ರಿಂದ ಇಂಟರ್ನೆಟ್‌ಗೆ ಸೇರುವ ರೇಡಿಯೋ ಉಪಕರಣಗಳಿಗೆ ಸೈಬರ್ ಸುರಕ್ಷತೆಯೂ ಸಿಇ ಭಾಗ. ನಿಮ್ಮ ಗೇಟ್‌ವೇ ಖಂಡಿತ ಅದರೊಳಗೆ ಬರುತ್ತದೆ. ಮಾನದಂಡ ಇಎನ್ 18031-1. ನೀವೇ ಡಿಕ್ಲರೇಶನ್ ಮಾಡಬಹುದು, ಆದರೆ ಪಾಸ್‌ವರ್ಡ್ ಹಾಕದೆಯೂ ಬಳಸಲು ಬಿಡುವ ಉಪಕರಣವಾದರೆ ಆ ದಾರಿ ಮುಚ್ಚುತ್ತದೆ, ನೋಟಿಫೈಡ್ ಬಾಡಿ ಹತ್ತಿರ ಹೋಗಬೇಕಾಗುತ್ತದೆ. ಎಲ್ಲಾ ಗೇಟ್‌ವೇಗೂ "ಅಡ್ಮಿನ್, ಅಡ್ಮಿನ್" ಎಂದು ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಪ್ರತಿ ಪೀಸಿಗೂ ಬೇರೆ ಪಾಸ್‌ವರ್ಡ್ ಇರಲಿ, ಸಹಿ ಇಲ್ಲದ ಫರ್ಮ್‌ವೇರ್ ಅಪ್‌ಡೇಟ್ ಒಳಗೆ ಹೋಗಬಾರದು. ಇದರ ಹಿಂದೆಯೇ ಸೈಬರ್ ರೆಸಿಲಿಯನ್ಸ್ ಕಾಯಿದೆ ಬರುತ್ತಿದೆ. ದೋಷ ಸಿಕ್ಕಾಗ ವರದಿ ಮಾಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ, ಪೂರ್ತಿ ಕಾಯಿದೆ 2027ರ ಡಿಸೆಂಬರ್ 11ರಿಂದ. ಆಮೇಲೆ ಮಾರಿ ಮರೆತುಬಿಡುವ ಹಾಗಿಲ್ಲ, ಅಪ್‌ಡೇಟ್ ಕೊಡುತ್ತಲೇ ಇರಬೇಕು. ನಿಮ್ಮ ಬೆಲೆಯಲ್ಲಿ ಆ ಖರ್ಚನ್ನು ಈಗಲೇ ಸೇರಿಸಿ.

ಸಿಮ್_ಸ್ಲಾಟ್

4ಜಿ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಎಫ್‌ಸಿಸಿ ಗ್ರಾಂಟ್ ಸಿಕ್ಕ ಕೂಡಲೇ ಸಿಮ್ ಹಾಕಿ ಓಡಿಸಬಹುದು ಎಂದುಕೊಳ್ಳಬೇಡಿ. ಎಫ್‌ಸಿಸಿ ಸರ್ಕಾರದ್ದು. ಅದರ ಮೇಲೆ ನೆಟ್‌ವರ್ಕ್ ಕಂಪನಿಗಳ ಒಪ್ಪಿಗೆ ಬೇರೆ. ಎಟಿ ಅಂಡ್ ಟಿ, ಟಿ-ಮೊಬೈಲ್ ಪಿಟಿಸಿಆರ್‌ಬಿ ಎನ್ನುವ ಮೊಬೈಲ್ ಉಪಕರಣಗಳ ಸರ್ಟಿಫಿಕೇಟ್ ಕೇಳುತ್ತವೆ, ವೆರೈಜನ್‌ದು ಅದರದ್ದೇ ಪದ್ಧತಿ. ಮಾಡ್ಯೂಲ್‌ಗೆ ಪಿಟಿಸಿಆರ್‌ಬಿ ಇದ್ದರೂ ಅದನ್ನು ಕೂರಿಸಿದ ಉಪಕರಣಕ್ಕೆ ಮತ್ತೆ ಬೇಕು. ಟೆಸ್ಟ್ ಕಡಿಮೆ ಇರುತ್ತದೆ ನಿಜ, ಆದರೆ ನಿಮ್ಮ ಆಂಟೆನಾ ಎಷ್ಟು ಪವರ್ ಹೊರಗೆ ಹಾಕುತ್ತದೆ, ಎಷ್ಟು ಸಣ್ಣ ಸಿಗ್ನಲ್ ಹಿಡಿಯುತ್ತದೆ ಎಂದು ಗಾಳಿಯಲ್ಲಿ ಅಳೆಯುತ್ತಾರೆ. ಸಣ್ಣ ಡಬ್ಬಿಯಲ್ಲಿ ಮೂರು ಆಂಟೆನಾ ತುರುಕಿದ ಉಪಕರಣಗಳಿಗೆ ಕಷ್ಟ ಬರುವುದೇ ಅಲ್ಲಿ. ಐಎಂಇಐಗೆ ಬೇಕಾದ ಟ್ಯಾಕ್ (ಉಪಕರಣದ ಮಾದರಿಯ ಗುರುತು) ನಂಬರ್ ವ್ಯವಸ್ಥೆಯನ್ನೂ ನೋಡಿಕೊಳ್ಳಬೇಕು.

ನಾನಾದರೆ ಮೊದಲ ಆವೃತ್ತಿಯಲ್ಲಿ ಅಮೆರಿಕಕ್ಕೆ 4ಜಿ ತೆಗೆದುಬಿಡುತ್ತೇನೆ. ಈಥರ್ನೆಟ್ ಮತ್ತು ವೈಫೈ ಇರಲಿ. 4ಜಿ ಬೇಕಾದ ತೋಟದವರು ಅಲ್ಲಿಯೇ ಸಿಗುವ ಒಪ್ಪಿಗೆ ಪಡೆದ ರೂಟರ್ ಪಕ್ಕದಲ್ಲಿ ಇಟ್ಟುಕೊಳ್ಳಲಿ. ಒಂದು ರೇಡಿಯೋ ಕಡಿಮೆಯಾದರೆ ಚೇಂಬರ್ ಸರ್ ಹೇಳಿದ ಕೂಡುಲೆಕ್ಕವೂ ಚಿಕ್ಕದಾಗುತ್ತದೆ. ಮಾರಾಟ ಚೆನ್ನಾಗಿ ಆದ ಮೇಲೆ 4ಜಿ ಆವೃತ್ತಿ ತನ್ನಿ.

ಹುಬ್ಬಳ್ಳಿ_ಫರ್ಮ್‌ವೇರ್

ಹನಿ ಅವರೇ, ಫರ್ಮ್‌ವೇರ್ ಕಡೆಯಿಂದ ನಾನು ಸೇರಿಸುತ್ತೇನೆ. ಲ್ಯಾಬ್‌ಗೆ ಮಾಮೂಲಿ ಫರ್ಮ್‌ವೇರ್ ಹಾಕಿದ ಗೇಟ್‌ವೇ ತೆಗೆದುಕೊಂಡು ಹೋದರೆ ಏನೂ ಉಪಯೋಗ ಇಲ್ಲ. ಅದು ಹದಿನೈದು ನಿಮಿಷಕ್ಕೊಮ್ಮೆ ಒಂದು ಸೆಕೆಂಡ್ ಮಾತಾಡಿ ಸುಮ್ಮನಾಗುತ್ತದೆ. ಅಳೆಯುವವರಿಗೆ ಟ್ರಾನ್ಸ್‌ಮಿಟರ್ ಬಿಡದೆ ಆನ್ ಇರಬೇಕು. ಗಂಟೆ ಲೆಕ್ಕದಲ್ಲಿ ಲ್ಯಾಬ್‌ನ ಟೆಸ್ಟ್ ಚೇಂಬರ್ ಬಾಡಿಗೆ ಓಡುತ್ತಿರುವಾಗ ಲ್ಯಾಪ್‌ಟಾಪ್ ತೆಗೆದು ಕೋಡ್ ಬರೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಟೆಸ್ಟಿಗೆಂದೇ ಫರ್ಮ್‌ವೇರ್‌ನ ಬೇರೆ ಬಿಲ್ಡ್ ಮಾಡಿ. ಸೀರಿಯಲ್ ಪೋರ್ಟ್‌ನಲ್ಲಿ ಕಮಾಂಡ್ ಕೊಟ್ಟರೆ ಕೆಳಗಿನ, ಮಧ್ಯದ, ಮೇಲಿನ ಚಾನೆಲ್‌ನಲ್ಲಿ ಬಿಡದೆ ಟ್ರಾನ್ಸ್‌ಮಿಟ್ ಆಗಬೇಕು, ಮಾಡ್ಯುಲೇಶನ್ ಸಹಿತ ಮತ್ತು ಬರೀ ಕ್ಯಾರಿಯರ್ ಎರಡೂ. ಪವರ್ ಬದಲಿಸಲು ಆಗಬೇಕು. ಬರೀ ರಿಸೀವ್ ಮಾಡುವ ಸ್ಥಿತಿಯೂ ಬೇಕು, ಯುರೋಪಿನಲ್ಲಿ ರಿಸೀವರ್ ಗುಣಮಟ್ಟವನ್ನೂ ನೋಡುತ್ತಾರೆ, ಎಫ್‌ಸಿಸಿಯಲ್ಲಿ ಅಷ್ಟು ಕೇಳುವುದಿಲ್ಲ. ವೈಫೈಗೆ ಎಸ್ಪ್ರೆಸಿಫ್ ಕಂಪನಿಯೇ ಟೆಸ್ಟ್ ಟೂಲ್ ಕೊಡುತ್ತದೆ. ಸ್ಯಾಂಪಲ್ ಎರಡು ಬಗೆ ಇರಲಿ: ಆಂಟೆನಾ ಇರುವ ಮಾಮೂಲಿ ಪೀಸ್, ಮತ್ತು ಆಂಟೆನಾ ಜಾಗದಲ್ಲಿ ಕೇಬಲ್ ಸಿಕ್ಕಿಸಲು ಕನೆಕ್ಟರ್ ಬೆಸೆದ ಪೀಸ್. ಪ್ರತಿಯೊಂದರಲ್ಲೂ ಜಾಸ್ತಿ ಒಯ್ಯಿರಿ, ಸ್ಥಿರ ವಿದ್ಯುತ್ ಟೆಸ್ಟಿನಲ್ಲಿ ಒಂದು ಹೋದರೆ ಕೆಲಸ ನಿಲ್ಲಬಾರದು. ಯುರೋಪಿಗೆ ಮುಟ್ಟಿಸಿ 4 ಕಿಲೋವೋಲ್ಟ್, ಗಾಳಿಯಲ್ಲಿ 8 ಕಿಲೋವೋಲ್ಟ್ ಹೊಡೆಯುತ್ತಾರೆ. ನಿಮ್ಮ ವಾಲ್ವ್ ನೋಡ್‌ನಲ್ಲಿ ಹೊರಗೆ ಹೋಗುವ ಉದ್ದದ ತಂತಿಗಳಿವೆ ಅಲ್ವಾ, ಆ ಟರ್ಮಿನಲ್‌ಗಳಿಗೆ ರಕ್ಷಣೆಯ ಡಯೋಡ್ ಹಾಕಿದ್ದೀರಾ ನೋಡಿ. ಎಫ್‌ಸಿಸಿಯಲ್ಲಿ ಈ ತಾಳಿಕೆಯ ಟೆಸ್ಟ್ ಇಲ್ಲ, ಆದ್ದರಿಂದ ಅಮೆರಿಕಕ್ಕೆ ಪಾಸಾದ ಬೋರ್ಡ್ ಯುರೋಪಿಗೆ ಫೇಲ್ ಆಗಬಹುದು.

ಮಾರುವ ಬಿಲ್ಡ್‌ನಲ್ಲಿ ಈ ಟೆಸ್ಟ್ ಕಮಾಂಡ್‌ಗಳು ಇರಬಾರದು. ದೇಶದ ಸೆಟ್ಟಿಂಗ್ ಕೂಡ ಫ್ಯಾಕ್ಟರಿಯಲ್ಲೇ ಬೀಗ ಹಾಕಿ. ಗಿರಾಕಿ ಮೆನುವಿನಲ್ಲಿ "ಇಂಡಿಯಾ" ಆರಿಸಿ ಜರ್ಮನಿಯಲ್ಲಿ 22 ಡಿಬಿಎಂ ಓಡಿಸುವ ಹಾಗಿದ್ದರೆ ನಿಮ್ಮ ಡಿಕ್ಲರೇಶನ್ ಸುಳ್ಳಾಗುತ್ತದೆ.

ತುಮಕೂರು_ಹನಿ

ಎಲ್ಲರಿಗೂ ಮನಸಾರೆ ಧನ್ಯವಾದ. ಏಜೆಂಟ್‌ಗೆ ಬೇಡ ಎಂದು ಹೇಳಿದೆ. 4ಜಿ ಅಮೆರಿಕಕ್ಕೆ ಬಿಡುತ್ತೇವೆ, ಜರ್ಮನಿಗೂ ಮೊದಲು ವೈಫೈ ಮಾತ್ರ. ಕೊನೆಯ ಎರಡು ಪ್ರಶ್ನೆ. ಕ್ಯಾಲಿಫೋರ್ನಿಯಾದವರು ಈಗಲೇ ಕೆಲವು ಪೀಸ್ ನೋಡಲು ಕೇಳುತ್ತಿದ್ದಾರೆ, ಗ್ರಾಂಟ್ ಬರುವ ಮೊದಲು ಕಳಿಸಬಹುದಾ? ಎಫ್‌ಸಿಸಿ ಸೈಟಿನಲ್ಲಿ ಬೇರೆ ಕಂಪನಿಗಳ ಬೋರ್ಡಿನ ಫೋಟೋ ಎಲ್ಲಾ ಕಾಣುತ್ತಿದೆ, ನಮ್ಮದೂ ಹಾಗೇ ಎಲ್ಲರಿಗೂ ಕಾಣುತ್ತದಾ?

ಚೇಂಬರ್_ವಾಸಿ

ಮಾರಾಟಕ್ಕಲ್ಲ, ಪರೀಕ್ಷಿಸಿ ನೋಡಲು ಎಂದು ತರಿಸಿಕೊಳ್ಳಲು ಅವಕಾಶ ಇದೆ, 4,000 ಪೀಸ್‌ವರೆಗೆ. ಟ್ರೇಡ್ ಶೋನಲ್ಲಿ ತೋರಿಸಲು 400ರವರೆಗೆ. ಆದರೆ ಅವು ಗಿರಾಕಿಗೆ ಹೋಗಬಾರದು, ದುಡ್ಡು ತೆಗೆದುಕೊಂಡು ತೋಟದಲ್ಲಿ ಕೂರಿಸಿದರೆ ಅದು ಮಾರಾಟವೇ. ಇನ್‌ವಾಯ್ಸ್‌ನಲ್ಲಿ ಯಾವ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿ ಬರೆಯಿರಿ, ಪೀಸಿನ ಮೇಲೂ ಇನ್ನೂ ಒಪ್ಪಿಗೆ ಸಿಕ್ಕಿಲ್ಲ ಎನ್ನುವ ಚೀಟಿ ಹಾಕಿ. 866ರ ಬೋರ್ಡ್ ಕಳಿಸಬೇಡಿ, ಅಲ್ಲಿ ಆ ಜಾಗದಲ್ಲಿ ಬೇರೆಯವರ ಸೇವೆ ಓಡುತ್ತದೆ. 915ರ ಬೋರ್ಡ್ ಆದ ಮೇಲೆ ಕಳಿಸಿ.

ಫೋಟೋ ವಿಷಯ: ಹೌದು, ಟೆಸ್ಟ್ ರಿಪೋರ್ಟ್, ಒಳಗಿನ ಹೊರಗಿನ ಫೋಟೋ, ಕೈಪಿಡಿ ಎಲ್ಲಾ ಸಾರ್ವಜನಿಕ. ಸ್ಕಿಮ್ಯಾಟಿಕ್, ಬ್ಲಾಕ್ ಡಯಾಗ್ರಾಂ, ಕೆಲಸ ಮಾಡುವ ವಿವರಣೆ ಇವನ್ನು ಖಾಯಂ ಗುಟ್ಟಾಗಿ ಇಡಲು ಅರ್ಜಿಯ ಜೊತೆಯಲ್ಲೇ ಪತ್ರ ಕೊಡಬೇಕು. ಫೋಟೋ ಮತ್ತು ಕೈಪಿಡಿಯನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ಎಲ್ಲಾ ಸೇರಿ 180 ದಿನದವರೆಗೆ. ಆದರೆ ಅದರೊಳಗೆ ಮಾರಾಟ ಶುರು ಮಾಡಿದರೆ ಟಿಸಿಬಿಗೆ ತಿಳಿಸಬೇಕು, ಆಗ ಫೋಟೋ ಬಿಡುಗಡೆಯಾಗುತ್ತದೆ. ಗ್ರಾಂಟ್ ಬಂದ ಮೇಲೆ ಕೇಳಿದರೆ ತಡವಾಗುತ್ತದೆ, ಆದ್ದರಿಂದ ಈ ಪತ್ರಗಳನ್ನು ಲ್ಯಾಬ್ ಬುಕ್ ಮಾಡುವಾಗಲೇ ತಯಾರು ಮಾಡಿಟ್ಟುಕೊಳ್ಳಿ.